ಕೆರೆಗಳಲ್ಲಿ ಭರ್ಜಿಯಿಂದಲೂ ಬಿಲ್ಲಿನಿಂದಲೂ ಮೀನು ಹೊಡೆಯುವ ವಿಚಾರ

(ಯಲಹಂಕ, ಹೆಬ್ಬಾಳ ಪ್ರಾಂತ್ಯದ ಜಮೀನುದಾರರಿಗೂ ಗ್ರಾಮದ ಮುಖಂಡರಿಗೂ ತಿಳಿವಳಿಕೆ)

1. ಪೀಠಿಕೆ

ಬೆಂಗಳೂರಿನ ಉತ್ತರ ಭಾಗವು ದೊಡ್ಡ ನದಿಯಿಲ್ಲದ ಸೀಮೆ. ಕೆರೆಗಳೇ ಅದಕ್ಕೆ ಆಧಾರ. ಯಲಹಂಕ ಕೆರೆಯ ಕೋಡಿನೀರು ಜಕ್ಕೂರು ಕೆರೆಗೂ, ಜಕ್ಕೂರಿನದು ರಾಚೇನಹಳ್ಳಿ ಕೆರೆಗೂ, ಹೆಬ್ಬಾಳದ್ದು ನಾಗವಾರ ಕೆರೆಗೂ ಹರಿದು, ಕಡೆಗೆ ದಕ್ಷಿಣ ಪಿನಾಕಿನಿಯನ್ನು ಸೇರುವುದು. ಪಶ್ಚಿಮದಲ್ಲಿರುವ ಹೆಸರಘಟ್ಟದ ಕೆರೆಯಾದರೋ ಅರ್ಕಾವತಿಯ ಪಾತ್ರದಲ್ಲಿ 1894ರಲ್ಲಿ ಬೆಂಗಳೂರಿನ ಕುಡಿಯುವ ನೀರಿಗಾಗಿ ಕಟ್ಟಲ್ಪಟ್ಟಿತು. ಅದರ ನೀರು ಕಾವೇರಿಯ ಕಡೆಗೆ ಸಲ್ಲುವುದು. ನೀರು ಹೀಗೆ ಕೆರೆಯಿಂದ ಕೆರೆಗೆ ಹೋಗುವಾಗ ಮೀನೂ ಅದರ ಸಂಗಡ ಹೋಗುವುದು. ಆದಕಾರಣ ಒಂದು ಊರಿನವರು ತಮ್ಮ ಕೆರೆಯ ಮೀನನ್ನು ನಡೆಸಿಕೊಳ್ಳುವ ರೀತಿಯ ಫಲವನ್ನು ಕೆಳಗಿನ ಊರಿನವರೂ ಉಣ್ಣಬೇಕಾಗುವುದು.

ಈ ಕೆರೆಗಳಲ್ಲಿ ಹಲವು ಈಗ ನಗರದೊಳಗೆ ಸೇರಿಹೋಗಿವೆ. ಯಶವಂತಪುರ, ಮತ್ತಿಕೆರೆಗಳ ಸುತ್ತ ಹಿಂದಿದ್ದ ಗದ್ದೆ ತೋಟಗಳು ಈಗ ಬೀದಿಗಳಾಗಿವೆ. ಆದರೂ ಹೆಸರಘಟ್ಟ, ರಾಜಾನುಕುಂಟೆಗಳ ಕಡೆಯ ಹಳ್ಳಿಗಳಲ್ಲಿ ಕೆರೆಯೂ ಕುಂಟೆಯೂ ಕೃಷಿಹೊಂಡವೂ ಉಳಿದಿವೆ. ಮಳೆ ಬಿದ್ದು ಕೋಡಿ ಹರಿದ ರಾತ್ರಿ ಹುಡುಗರು ದೀಪವನ್ನೂ ಭರ್ಜಿಯನ್ನೂ ಹಿಡಿದು ಹೊರಡುವ ರೂಢಿಯೂ ಅಲ್ಲಲ್ಲಿ ಉಂಟು. ಈ ಬೇಟೆಯಲ್ಲಿ ಯಾವುದು ನಿರಪಾಯವಾದದ್ದು, ಯಾವುದು ಕೆರೆಯ ಬೀಜವನ್ನೇ ಕೆಡಿಸತಕ್ಕದ್ದು ಎಂಬ ವಿವೇಚನೆಯು ಕೆರೆಯನ್ನು ನೋಡಿಕೊಳ್ಳುವವರಿಗೆ ಅವಶ್ಯಕವಾದುದು. 1899ರಲ್ಲಿ ಡಾಕ್ಟರ್ ಲೇಮನ್ನರು ಹೆಬ್ಬಾಳದಲ್ಲಿ ಪ್ರಯೋಗ ಕ್ಷೇತ್ರವನ್ನು ಆರಂಭಿಸಿದಾಗ ಮಣ್ಣನ್ನು ಪರೀಕ್ಷಿಸಿಯೇ ಗೊಬ್ಬರ ಹೇಳಬೇಕೆಂಬ ಪದ್ಧತಿಯು ಈ ಸೀಮೆಗೆ ಬಂದಿತು. ಅದರಂತೆ ಮೀನಿನ ಸ್ವಭಾವವನ್ನು ತಿಳಿದೇ ಅದನ್ನು ಹಿಡಿಯುವ ಕ್ರಮವನ್ನು ಗೊತ್ತುಮಾಡತಕ್ಕದ್ದು.

2. ಭರ್ಜಿಗೆ ಸಿಕ್ಕುವ ಮೀನುಗಳು

ಎಲ್ಲ ಮೀನುಗಳೂ ಭರ್ಜಿಗೆ ಸಿಕ್ಕವು. ಕಾಟ್ಲಾ, ರೋಹು ಮುಂತಾದ ಗೆಂಡೆಯ ಜಾತಿಯವು ಗುಂಪಾಗಿ ತಿರುಗುವುವು. ಮನುಷ್ಯನ ನೆರಳು ಬಿದ್ದೊಡನೆ ಚದರುವುವು. ಭರ್ಜಿಗೂ ಬಾಣಕ್ಕೂ ಹೆಚ್ಚಾಗಿ ಗುರಿಯಾಗುವುದು ಕೊರಮೀನು. ಇದನ್ನು ಕೆಲವರು ಕುಚ್ಚಿನ ಮುರ್ಲು ಎನ್ನುವರು. ಮೈಮೇಲೆ ಚುಕ್ಕೆಗಳುಳ್ಳ ಇದರ ದೊಡ್ಡ ಜಾತಿಯನ್ನು ಹೂವಿನ ಮುರ್ಲು ಎನ್ನುವರು. ಹಾವಿನ ತಲೆಯಂಥ ತಲೆ, ದುಂಡನೆಯ ಉದ್ದ ಮೈ, ದೊಡ್ಡ ಬಾಯಿ, ಇವು ಇದರ ಗುರುತು. ಇದಲ್ಲದೆ ಬಾಳೆಮೀನು, ಆನೆಮೀನು, ಕೆಸರಿನಲ್ಲಿ ಹುದುಗುವ ಹಾವುಮೀನು, ಇವುಗಳನ್ನೂ ಹೊಡೆಯುವುದುಂಟು.

ಕೊರಮೀನು ಇಷ್ಟು ಸುಲಭವಾಗಿ ಗುರಿಯಾಗುವುದಕ್ಕೆ ಅದರ ಉಸಿರಾಟವೇ ಕಾರಣ. ಇತರ ಮೀನುಗಳು ನೀರಿನಲ್ಲಿ ಕರಗಿದ ಪ್ರಾಣವಾಯುವನ್ನು ಕಿವಿರುಗಳಿಂದ ಪಡೆದು ಜೀವಿಸುವುವು. ಕೊರಮೀನಿಗೆ ಕಿವಿರು ಮಾತ್ರ ಸಾಲದು. ಅದರ ತಲೆಯೊಳಗೆ ಗಾಳಿಯನ್ನು ಹಿಡಿದಿಡುವ ಗೂಡುಂಟು. ಆಗಾಗ್ಗೆ ಅದು ಮೇಲಕ್ಕೆ ಬಂದು ಗಾಳಿಯನ್ನು ನುಂಗಲೇಬೇಕು. ಮೇಲಕ್ಕೆ ಬರಲು ಬಿಡದೆ ತಡೆದರೆ ನೀರಿನಲ್ಲಿದ್ದೇ ಉಸಿರುಗಟ್ಟಿ ಸಾಯುವುದು. ಈ ಗುಣದಿಂದಲೇ ಅದು ಬೇಸಿಗೆಯ ಕೆಸರಿನಲ್ಲಿಯೂ ಬದುಕುವುದು. ಈ ಗುಣದಿಂದಲೇ ಬೇಟೆಗಾರನಿಗೆ ತನ್ನ ಇರುವಿಕೆಯನ್ನು ತಿಳಿಸಿಕೊಡುವುದು.

3. ಉಪಕರಣಗಳು

ಭರ್ಜಿಗೆ ಎಂಟು ಹತ್ತು ಅಡಿ ಉದ್ದದ, ಗಟ್ಟಿಯಾದ, ನೆಟ್ಟನೆಯ ಬಿದಿರು ಗಳ ಬೇಕು. ತುದಿಗೆ ಒಂದೇ ಮೊನೆಯಿದ್ದರೆ ಮೀನು ಜಾರಿ ಹೋಗುವುದು. ಮೂರರಿಂದ ಐದು ಕಬ್ಬಿಣದ ಕವಲುಗಳಿದ್ದು, ಪ್ರತಿ ಕವಲಿಗೂ ಹಿಂದಕ್ಕೆ ಬಾಗಿದ ಮುಳ್ಳಿದ್ದರೆ ಚುಚ್ಚಿದ ಮೀನು ಕಳಚಿಕೊಳ್ಳಲಾರದು. ಮೊಂಡು ಮೊನೆಯ ಭರ್ಜಿಯು ಮೀನನ್ನು ಕೊಲ್ಲದೆ ಹರಿದು ಬಿಡುವುದು, ಅಂಥದನ್ನು ಬಳಸಲೇಬಾರದು.

ಬಿಲ್ಲಿನಿಂದ ಮೀನು ಹೊಡೆಯುವ ವಿದ್ಯೆಯು ಲೋಕದ ಅನೇಕ ಕಡೆಗಳಲ್ಲಿ ಉಂಟು. ಅಂಡಮಾನಿನ ಮೂಲನಿವಾಸಿಗಳು ಇದರಲ್ಲಿ ಹೆಸರಾದವರು. ಅಮೆರಿಕಾ ದೇಶದಲ್ಲಿ ಬಾಣಕ್ಕೆ ದಾರವನ್ನು ಕಟ್ಟಿ, ಬಿಲ್ಲಿಗೆ ರಾಟೆಯನ್ನು ಸೇರಿಸಿ ಹೊಡೆಯುವರು. ಆದರೆ ಅಲ್ಲಿಯ ಬಹುತೇಕ ಸಂಸ್ಥಾನಗಳ ನಿಯಮವು, ಗಾಳಕ್ಕೆ ಮೀಸಲಾದ ಬೇಟೆಮೀನುಗಳನ್ನು ಬಾಣದಿಂದ ಹೊಡೆಯಗೊಡದು. ಹೊರಗಿನಿಂದ ಬಂದು ಹೆಚ್ಚಿಕೊಂಡ ಗೆಂಡೆ ಜಾತಿಯ ಮೀನುಗಳನ್ನೇ ಮುಖ್ಯವಾಗಿ ಹೊಡೆಯುವರು. ಈ ಭೇದವು ಇಲ್ಲಿಯವರೂ ಮನಸ್ಸಿಗೆ ತಂದುಕೊಳ್ಳತಕ್ಕದ್ದು.

ಬಿಲ್ಲಿನಲ್ಲಿ ಒಂದು ದೊಡ್ಡ ಅಪಾಯವುಂಟು. ನೀರಿನ ಮೇಲೆ ಓರೆಯಾಗಿ ಬಿದ್ದ ಬಾಣವು ಒಳಕ್ಕೆ ಇಳಿಯದೆ ಪುಟಿದು ಎದುರು ದಡಕ್ಕೆ ಹಾರಬಹುದು. ಕೆರೆಯ ಏರಿಯ ಮೇಲೆ ದನಕರುಗಳೂ ಹೆಂಗಸರೂ ಮಕ್ಕಳೂ ಯಾವಾಗಲೂ ಓಡಾಡುವರು. ಈಗಿನ ಉತ್ತರ ಬೆಂಗಳೂರಿನ ಕೆರೆಗಳ ಸುತ್ತಲೂ ಬೆಳಗಿನಿಂದ ಸಂಜೆಯವರೆಗೆ ನಡೆದಾಡುವವರಿರುವರು. ಆದಕಾರಣ ಊರ ಕೆರೆಯಲ್ಲಿ ಬಿಲ್ಲು ಸರ್ವಥಾ ಸಲ್ಲದು.

4. ಗುರಿ ತಪ್ಪುವುದೇಕೆ

ಹೊಸಬನು ಎಸೆದ ಭರ್ಜಿಯು ಮೀನಿನ ಬೆನ್ನಿನ ಮೇಲೆಯೇ ಹಾದುಹೋಗುವುದು. ಇದು ಕೈಯ ದೋಷವಲ್ಲ, ಕಣ್ಣಿನ ಮೋಸ. ನೀರಿನೊಳಗಿಂದ ಬರುವ ಬೆಳಕಿನ ಕಿರಣವು ಗಾಳಿಗೆ ಬಂದಾಗ ಬಾಗುವುದು. ಇದರಿಂದ ನೀರಿನೊಳಗಿನ ವಸ್ತುವು ತಾನಿರುವ ಸ್ಥಳಕ್ಕಿಂತ ಮೇಲೆ ಇದ್ದಂತೆ ತೋರುವುದು. ಬಿಂದಿಗೆಯ ತಳದಲ್ಲಿರುವ ಕಾಸು ನೀರು ಹೊಯ್ದೊಡನೆ ಮೇಲೆ ಬಂದಂತೆ ಕಾಣುವುದನ್ನು ಎಲ್ಲರೂ ಬಲ್ಲರು.

ನೇರವಾಗಿ ಮೇಲಿನಿಂದ ನೋಡಿದರೆ ನಾಲ್ಕು ಅಡಿ ಆಳದಲ್ಲಿರುವ ಮೀನು ಮೂರು ಅಡಿ ಆಳದಲ್ಲಿರುವಂತೆ ಕಾಣುವುದು. ಆದರೆ ಆಗ ಅದು ಪಕ್ಕಕ್ಕೆ ಸರಿದಂತೆ ಕಾಣದಾದ್ದರಿಂದ, ನೆಟ್ಟಗೆ ಚುಚ್ಚಿದ ಭರ್ಜಿಯು ಗುರಿ ತಪ್ಪದು. ಓರೆಯಾಗಿ ನೋಡಿದಾಗಲೇ ಕಷ್ಟ. ನೀರಿನ ಮಟ್ಟಕ್ಕೂ ನೋಟಕ್ಕೂ 45 ಡಿಗ್ರಿಯ ಓರೆಯಿದ್ದರೆ, ಕಣ್ಣಿಗೆ ಕಂಡ ದಾರಿಯಲ್ಲೇ ಹೋದ ಭರ್ಜಿಯು ಒಂದು ಅಡಿ ಆಳದ ಮೀನಿಗಿಂತ ಸುಮಾರು ನಾಲ್ಕೂವರೆ ಅಂಗುಲ ಮೇಲೆಯೂ, ಎರಡು ಅಡಿ ಆಳದ ಮೀನಿಗಿಂತ ಒಂಬತ್ತು ಅಂಗುಲ ಮೇಲೆಯೂ, ನಾಲ್ಕು ಅಡಿ ಆಳದ ಮೀನಿಗಿಂತ ಒಂದೂವರೆ ಅಡಿ ಮೇಲೆಯೂ ಹೋಗುವುದು. ಆದ್ದರಿಂದ ಓರೆಯಾಗಿ ಎಸೆಯುವವನು ಕಂಡದ್ದಕ್ಕಿಂತ ಕೆಳಕ್ಕೆ ಗುರಿಯಿಡಬೇಕು. ಭರ್ಜಿಯ ಮೊನೆಯನ್ನು ಮೊದಲೇ ಸದ್ದಿಲ್ಲದೆ ನೀರಿನಲ್ಲಿಳಿಸಿ, ಮೀನಿನ ಹತ್ತಿರಕ್ಕೆ ತಂದು ಚುಚ್ಚುವವನಿಗೆ ಈ ಲೆಕ್ಕವೇ ಬೇಡ. ಯಾತಕ್ಕೆಂದರೆ ಆಗ ಮೊನೆಯೂ ಮೀನೂ ಎರಡೂ ನೀರೊಳಗೇ ಇದ್ದು, ಕಣ್ಣಿನ ಮೋಸವು ಎರಡಕ್ಕೂ ಒಂದೇ ಆಗಿರುವುದು. ಅನುಭವಸ್ಥರು ಭರ್ಜಿಯನ್ನು ಎಸೆಯದೆ ಚುಚ್ಚುವುದು ಇದರಿಂದಲೇ.

5. ಕೆಂಪು ಮರಿಗಳ ಮೋಡ

ಇನ್ನು ಈ ಪತ್ರಿಕೆಯ ಮುಖ್ಯ ವಿಷಯ. ಕೊರಮೀನು ಮುಖ್ಯವಾಗಿ ಮಳೆಗಾಲದಲ್ಲಿ ಮರಿಮಾಡುವುದು. ದಡದ ಬಳಿ, ಜೊಂಡು ಮತ್ತು ನೀರುಗಿಡಗಳ ನಡುವೆ, ಗಂಡು ಹೆಣ್ಣು ಎರಡೂ ಸೇರಿ ಸ್ವಲ್ಪ ಜಾಗವನ್ನು ತೆರವುಮಾಡುವುವು. ಮೊಟ್ಟೆಗಳು ನೀರಿನ ಮೇಲೆ ತೇಲುವುವು. ಒಂದೆರಡು ದಿನಗಳಲ್ಲಿಯೇ ಒಡೆದು ಮರಿಗಳಾಗುವುವು. ಅನೇಕ ಜಾತಿಯ ಮೀನುಗಳು ಮೊಟ್ಟೆಯಿಟ್ಟು ತಮ್ಮ ದಾರಿಯನ್ನು ಹಿಡಿಯುವುವು. ಕೊರಮೀನು ಹಾಗಲ್ಲ. ಮರಿಗಳು ತಮ್ಮಷ್ಟಕ್ಕೆ ಬಾಳುವಷ್ಟಾಗುವವರೆಗೆ ವಾರಗಟ್ಟಲೆ ತಂದೆತಾಯಿಗಳು ಅವುಗಳ ಕೆಳಗೇ ಕಾವಲಿದ್ದು, ಹತ್ತಿರ ಬಂದ ಮೀನನ್ನೂ ಕಪ್ಪೆಯನ್ನೂ ಅಟ್ಟುವುವು.

ಈ ಎಳೆಯ ಮರಿಗಳು ಕೆಂಪು ಕಿತ್ತಳೆ ಬಣ್ಣದವು. ಗಾಳಿಗಾಗಿ ಅವೂ ಮೇಲೆ ಬರುವುದರಿಂದ, ನೀರಿನ ಮೇಲೆ ಕೆಂಪು ಮೋಡದಂತೆ ಒಂದು ಗುಂಪು ಮಿಣುಮಿಣುಗುತ್ತ ಸರಿದಾಡುವುದು ಕಾಣುವುದು. ಬೇಟೆಗಾರನಿಗೆ ಇದಕ್ಕಿಂತ ಸುಲಭವಾದ ಗುರುತಿಲ್ಲ. ಮರಿಗಳು ಎಲ್ಲಿಯೋ ಅಲ್ಲಿಯೇ ತಾಯಿ. ಮರಿಗಳನ್ನು ಬಿಟ್ಟು ಅದು ದೂರ ಓಡದು. ಭರ್ಜಿ ಹಿಡಿದವನು ಮೋಡದ ಪಕ್ಕದಲ್ಲಿ ಅಲುಗದೆ ನಿಂತರೆ ಸಾಕು. ಒಂದನ್ನು ಹೊಡೆದ ಮೇಲೆ ಇನ್ನೊಂದೂ ಅಲ್ಲಿಗೇ ಬರುವುದು. ಹೀಗೆ ಎರಡು ಮೀನು ಮನೆಗೆ ಬಂದುವೆಂದು ಸಂತೋಷಪಡುವವನು ಬಿಟ್ಟುಬಂದದ್ದೇನೆಂಬುದನ್ನು ಲೆಕ್ಕಹಾಕಬೇಕು. ಕಾವಲು ತಪ್ಪಿದ ಮರಿಗಳನ್ನು ಇತರ ಮೀನುಗಳೂ ನೀರುಕಾಗೆಗಳೂ ಮಿಂಚುಳ್ಳಿಗಳೂ ಬೇಗನೆ ತಿಂದು ಮುಗಿಸುವುವು.

ಒಂದು ಉದಾಹರಣೆ. ಗುಂಪಿನಲ್ಲಿ ಸಾವಿರ ಮರಿಗಳಿದ್ದು, ಕಾವಲಿದ್ದ ಪಕ್ಷದಲ್ಲಿ ನೂರಕ್ಕೆ ಎರಡರಂತೆ ಇಪ್ಪತ್ತು ಮಾತ್ರ ಬೆಳೆದು ಒಂದೊಂದು ಸೇರಿನಷ್ಟು ತೂಗಿದುವೆಂದು ಭಾವಿಸಿದರೂ, ಇಪ್ಪತ್ತು ಸೇರು ಮೀನಾಯಿತು. ತಂದೆತಾಯಿಗಳನ್ನು ಹೊಡೆದವನಿಗೆ ದೊರೆತದ್ದು ಎರಡು ಮೂರು ಸೇರು. ಬಿತ್ತನೆಯ ಭತ್ತವನ್ನು ಕುಟ್ಟಿ ಉಂಡವನಿಗೂ ಇವನಿಗೂ ವ್ಯತ್ಯಾಸವಿಲ್ಲ. ಆದ್ದರಿಂದ ಕೆಂಪು ಮರಿಗಳ ಗುಂಪು ಕಂಡಲ್ಲಿ ಭರ್ಜಿಯನ್ನೂ ಗಾಳವನ್ನೂ ಹಾಕಕೂಡದೆಂಬ ಕಟ್ಟನ್ನು ಪ್ರತಿಯೊಂದು ಊರಿನವರೂ ಮಾಡಿಕೊಳ್ಳತಕ್ಕದ್ದು.

6. ಕೋಡಿಯ ಬೇಟೆ

ಹೊಸನೀರು ಬಂದು ಕೋಡಿ ಹರಿಯಲಾರಂಭಿಸಿದಾಗ ಹಲವು ಜಾತಿಯ ಮೀನುಗಳು ಪ್ರವಾಹಕ್ಕೆ ಎದುರಾಗಿ ಹತ್ತುವುವು. ಮಲೆನಾಡಿನಲ್ಲಿ ಇವನ್ನು ಹತ್ತುಮೀನು ಎನ್ನುವರು. ಮುಂಗಾರಿನ ಮೊದಲ ಮಳೆಗಳಲ್ಲಿ ಗದ್ದೆಯ ಬಯಲುಗಳಲ್ಲಿ ದೀಪ ಹಿಡಿದು ಕತ್ತಿಯಿಂದ ಕಡಿಯುವ ಪದ್ಧತಿ ಅಲ್ಲಿದೆ. ಬಯಲುಸೀಮೆಯಲ್ಲಿ ಕೋಡಿಯ ಕೆಳಗಿನ ಹಳ್ಳವೇ ಇಂಥ ಬೇಟೆಯ ಸ್ಥಳ. ಹೀಗೆ ಹತ್ತುವ ಮೀನುಗಳಲ್ಲಿ ಹೊಟ್ಟೆ ತುಂಬ ಮೊಟ್ಟೆಯಿರುವವು ಬಹಳ. ಮೊದಲ ಕೋಡಿಯ ಕೆಲವು ದಿನಗಳು ಅವುಗಳನ್ನು ಬಿಟ್ಟುಕೊಟ್ಟರೆ ಮೇಲಿನ ಕೆರೆಗೆ ಬೀಜವು ಖರ್ಚಿಲ್ಲದೆ ಬಂದಂತಾಯಿತು. ಹಳ್ಳಕ್ಕೆ ಅಡ್ಡಲಾಗಿ ಬಲೆಯನ್ನೋ ಬಿದಿರಿನ ತಟ್ಟಿಯನ್ನೋ ಕಟ್ಟಿ ದಾರಿಯನ್ನೇ ಮುಚ್ಚುವುದು ಭರ್ಜಿಗಿಂತಲೂ ಕೆಟ್ಟದ್ದು. ಕೋಡಿಯ ಕಲ್ಲುಗಳ ಮೇಲೆ ರಾತ್ರಿಯಲ್ಲಿ ಕಾಲು ಜಾರಿದರೆ ಈಜು ಬಲ್ಲವನಿಗೂ ಉಳಿವು ಕಷ್ಟವೆಂಬುದನ್ನು ಮನೆಯ ಹಿರಿಯರು ಹುಡುಗರಿಗೆ ತಿಳಿಸಬೇಕು.

7. ಬೆಳಗಿನ ಜಾವ ಬಾಯಿಬಿಡುವ ಮೀನು

ನೀರಿನ ಮೇಲೆ ಮೀನು ಬಾಯಿಬಿಡುವುದನ್ನು ಕಂಡು, ಬೇಟೆಗೆ ಒಳ್ಳೆಯ ಸಮಯವೆಂದು ಕೆಲವರು ಬಗೆಯುವರು. ಇಲ್ಲಿ ಎರಡು ಬೇರೆ ಸಂಗತಿಗಳಿವೆ. ಕೊರಮೀನು ಒಂಟಿಯಾಗಿ, ಯಾವ ಹೊತ್ತಿನಲ್ಲಾದರೂ, ಒಮ್ಮೆ ಗಾಳಿ ನುಂಗಿ ತಟ್ಟನೆ ಮುಳುಗುವುದು. ಇದು ಅದರ ಸ್ವಭಾವ. ಆದರೆ ಕಾಟ್ಲಾ, ರೋಹು ಜಾತಿಯವು ಬೆಳಗಿನ ಜಾವದಲ್ಲಿ ಗುಂಪುಗುಂಪಾಗಿ ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಅದು ಪ್ರಾಣಸಂಕಟದ ಗುರುತು. ಚರಂಡಿಯ ನೀರು ಸೇರಿ ಪಾಚಿಯೂ ಅಂತರಗಂಗೆಯೂ ಹೆಚ್ಚಿದ ಕೆರೆಯಲ್ಲಿ ರಾತ್ರಿಯೆಲ್ಲ ಪ್ರಾಣವಾಯುವು ವ್ಯಯವಾಗಿ, ಸೂರ್ಯೋದಯದ ಮುಂಚೆ ಅತ್ಯಂತ ಕಡಿಮೆಯಾಗುವುದು. 2016ರ ಮಾರ್ಚಿಯಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದುದು ಅನೇಕರ ನೆನಪಿನಲ್ಲಿರುವುದು. ಇಂಥ ಗುರುತು ಕಂಡ ಕೂಡಲೇ ಭರ್ಜಿಯನ್ನು ತರದೆ, ಕೆರೆಯ ಮೀನಿನ ಹಕ್ಕುಳ್ಳವರಿಗೂ ಮೀನುಗಾರಿಕೆ ಇಲಾಖೆಗೂ ಸುದ್ದಿ ಮುಟ್ಟಿಸಬೇಕು. ಸಣ್ಣ ಹೊಂಡವಾದರೆ ಹೊಸನೀರನ್ನು ಎತ್ತರದಿಂದ ಚಿಮ್ಮಿ ಬೀಳುವಂತೆ ಬಿಡುವುದೂ ನೀರನ್ನು ಕಲಕುವುದೂ ತಕ್ಷಣದ ಉಪಾಯ.

ಶುದ್ಧಿಮಾಡದ ಚರಂಡಿ ನೀರು ನಿಂತ ಕೆರೆಯ ಮೀನನ್ನು ತಿನ್ನುವುದು ಆರೋಗ್ಯಕ್ಕೆ ಹಿತವಲ್ಲ. ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಯಂತ್ರದಿಂದ ಬಂದ ನೀರನ್ನು ಜೊಂಡಿನ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುವ ಏರ್ಪಾಡಿದೆ. ಕೆರೆಯ ಹಿತವನ್ನು ಬಯಸುವ ಗ್ರಾಮಸ್ಥರು ಅದನ್ನು ಹೋಗಿ ನೋಡಿ ಬರುವುದು ಒಳ್ಳೆಯದು.

8. ಗಾಯದಿಂದಾಗುವ ನಷ್ಟ

ಭರ್ಜಿ ತಾಗಿದ ಮೀನುಗಳೆಲ್ಲವೂ ಕೈಗೆ ಬರುವುದಿಲ್ಲ. ಗಾಯಗೊಂಡು ತಪ್ಪಿಸಿಕೊಂಡ ಮೀನು ಜೊಂಡಿನಲ್ಲಿ ಸಾಯುವುದು, ಇಲ್ಲವೆ ಹುಣ್ಣಾಗಿ ಕೊಳೆಯುವುದು. 1988ರಲ್ಲಿ ಭಾರತದೊಳಕ್ಕೆ ಬಂದ ಮೀನಿನ ಹುಣ್ಣುರೋಗವು ಕೊರಮೀನು ಜಾತಿಯನ್ನೇ ಬಹಳವಾಗಿ ಪೀಡಿಸಿತು. ಅದು ನೀರಿನಲ್ಲಿರುವ ಒಂದು ಬಗೆಯ ಬೂಷ್ಟಿನಿಂದ ಬರತಕ್ಕದ್ದು. ಚರ್ಮವು ಕೆಟ್ಟ ಕಡೆಯಲ್ಲಿ ಅದು ಸುಲಭವಾಗಿ ನೆಲೆಗೊಳ್ಳುವುದು.

ಹಣದ ಲೆಕ್ಕದಲ್ಲಿಯೂ ಭರ್ಜಿಯು ಲಾಭಕರವಲ್ಲ. ಕೊರಮೀನು ಸ್ವಲ್ಪ ನೀರಿನಲ್ಲಿ ಬಹಳ ಹೊತ್ತು ಬದುಕಿರುವುದರಿಂದ ಸಂತೆಯಲ್ಲಿ ಅದನ್ನು ಜೀವಂತವಾಗಿ ಮಾರುವರು. ಜೀವಂತ ಮೀನಿಗೇ ಹೆಚ್ಚು ಬೆಲೆ. ಭರ್ಜಿಯಿಂದ ಹರಿದ ಮೀನು ಅಂದೇ ಅಡಿಗೆಗೆ ಆಗಬೇಕು. ಗಾಳದಿಂದಲೋ ಕೂಳಿಯಿಂದಲೋ ಹಿಡಿದದ್ದಾದರೆ ಮಾರಾಟಕ್ಕೂ ಆಗುವುದು. ಚಿಕ್ಕದಾಗಿದ್ದರೆ ತಿರುಗಿ ನೀರಿಗೆ ಬಿಡುವುದಕ್ಕೂ ಆಗುವುದು. ಸುಮಾರು 1130ರಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಭಾಗವೊಂದಿದೆ. ಮೀನುಗಳಿಗೆ ತಕ್ಕ ಆಹಾರವನ್ನಿಟ್ಟು ಗಾಳದಿಂದ ಹಿಡಿಯುವ ಕ್ರಮವನ್ನೇ ಅಲ್ಲಿ ವಿವರಿಸಿದೆ. ಮೀನಿನ ಬೇಟೆಯು ವಿನೋದವಾಗಬೇಕಾದರೆ ತಾಳ್ಮೆಯೂ ತಿಳಿವಳಿಕೆಯೂ ಬೇಕೆಂಬುದು ಈ ನಾಡಿಗೆ ಹೊಸದಲ್ಲ.

9. ಭರ್ಜಿ ಸಲ್ಲುವ ಸಂದರ್ಭ

ಭರ್ಜಿಯು ಯಾವಾಗಲೂ ತಪ್ಪೆಂದು ತಿಳಿಯಬಾರದು. ಸ್ವಂತ ಹೊಂಡದಲ್ಲಿ ಗೆಂಡೆ ಜಾತಿಯ ಮರಿಗಳನ್ನು ಬಿಟ್ಟು ಸಾಕುವವನಿಗೆ ಕೊರಮೀನೂ ಬಾಳೆಮೀನೂ ಶತ್ರುಗಳು. ಅವು ಮರಿಗಳನ್ನು ನುಂಗುವುವು. 1957ರಲ್ಲಿ ಒರಿಸ್ಸಾದ ಅಂಗುಲ್ ಎಂಬಲ್ಲಿ ಹೀರಾಲಾಲ್ ಚೌಧುರಿಯವರು ಗೆಂಡೆ ಜಾತಿಯ ಮೀನುಗಳಿಗೆ ಚುಚ್ಚುಮದ್ದಿನಿಂದ ಮರಿಮಾಡಿಸುವ ವಿಧಾನವನ್ನು ಸಾಧಿಸಿದ ಮೇಲೆ, ಮರಿಗಳು ದೊರೆಯುವುದು ಸುಲಭವಾಯಿತು. ಮರಿಗಳನ್ನು ಬಿಡುವುದಕ್ಕೆ ಮುಂಚೆ, ಬೇಸಿಗೆಯಲ್ಲಿ ನೀರು ಇಳಿದಿರುವಾಗ, ಹೊಂಡದಲ್ಲಿ ಉಳಿದ ಇಂಥ ಮೀನುಗಳನ್ನು ಭರ್ಜಿಯಿಂದ ತೆಗೆಯುವುದು ಯುಕ್ತವೇ.

ಎರಡನೆಯದು ಆಫ್ರಿಕಾದ ಆನೆಮೀನು. ಇದು ನಾಡಿನ ಆನೆಮೀನಿಗಿಂತ ಬಹಳ ದೊಡ್ಡದಾಗಿ ಬೆಳೆದು, ಕೆರೆಯ ಇತರ ಮೀನುಗಳನ್ನು ತಿಂದುಹಾಕುವುದು. ಇದರ ಸಾಕಣೆಯನ್ನು ಕೇಂದ್ರ ಸರ್ಕಾರವು 2000ದಲ್ಲಿ ನಿಷೇಧಿಸಿತು. ಹಾಗೆಯೇ 1952ರಲ್ಲಿ ಭಾರತಕ್ಕೆ ತರಲ್ಪಟ್ಟ ಜಿಲೇಬಿ ಮೀನು ಕೆರೆಗಳನ್ನು ತುಂಬಿಕೊಂಡು ನಾಡಿನ ಮೀನುಗಳಿಗೆ ಎಡೆಯಿಲ್ಲದಂತೆ ಮಾಡಿದೆ. ಇವನ್ನು ಹಿಡಿದು ಕಡಿಮೆಮಾಡಿದರೆ ಕೆರೆಗೆ ಉಪಕಾರವೇ ಹೊರತು ಹಾನಿಯಿಲ್ಲ; ಹಿಡಿದದ್ದನ್ನು ಬೇರೆ ಕೆರೆಗೆ ಮಾತ್ರ ಬಿಡಕೂಡದು.

10. ಕಾನೂನಿನ ವಿಚಾರ

ಸಿಡಿಮದ್ದಿನಿಂದಲೂ ವಿಷದಿಂದಲೂ ಮೀನನ್ನು ಕೊಲ್ಲುವುದು 1897ರ ಭಾರತೀಯ ಮೀನುಗಾರಿಕೆ ಅಧಿನಿಯಮದ ಪ್ರಕಾರ ಅಪರಾಧ. ಮೈಸೂರು ಸಂಸ್ಥಾನವೂ 1901ರಲ್ಲಿಯೇ ಬೇಟೆಯ ಪ್ರಾಣಿಗಳ ಹಾಗೂ ಮೀನಿನ ಸಂರಕ್ಷಣೆಗಾಗಿ ರೆಗ್ಯುಲೇಷನ್ನನ್ನು ಮಾಡಿತ್ತು. ಈಗ ಕರ್ನಾಟಕದಲ್ಲಿ ಒಳನಾಡು ಮೀನುಗಾರಿಕೆಗೆ 1996ರ ಅಧಿನಿಯಮವುಂಟು. ಸರ್ಕಾರಿ ಕೆರೆಯಲ್ಲಿ ಮೀನಿನ ಹಕ್ಕನ್ನು ಗುತ್ತಿಗೆಗೋ ಲೈಸೆನ್ಸಿಗೋ ಕೊಡುವುದರಿಂದ, ಹಕ್ಕಿಲ್ಲದವನು ಭರ್ಜಿ ಹಿಡಿದು ಇಳಿದರೆ ಅದು ವಿನೋದವಲ್ಲ, ಕಳವು. ಯಲಹಂಕದ ಪುಟ್ಟೇನಹಳ್ಳಿ ಕೆರೆಯು ಪಕ್ಷಿಗಳಿಗಾಗಿ ಸಂರಕ್ಷಿತವಾಗಿದೆ. ಅಲ್ಲಿ ಬೇಟೆಯ ಮಾತೇ ಇಲ್ಲ.

ಕೆಸರಿನಲ್ಲಿ ಕಾಣದೆ ಚುಚ್ಚುವವರ ಭರ್ಜಿಗೆ ಕೆರೆಯ ಆಮೆಗಳು ಸಿಕ್ಕುವುದುಂಟು. ಮೆತ್ತನೆಯ ಚಿಪ್ಪಿನ ಕೆರೆ ಆಮೆಯು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಒಂದನೆಯ ಅನುಸೂಚಿಗೆ ಸೇರಿದ್ದು. ಅದನ್ನು ಕೊಂದವನಿಗೆ ಸೆರೆವಾಸದ ಶಿಕ್ಷೆಯುಂಟು. ಮೀನನ್ನು ಕಣ್ಣಾರೆ ಕಂಡ ಹೊರತು ಚುಚ್ಚಕೂಡದು.

11. ಊರ ಮುಖಂಡರು ಮಾಡತಕ್ಕದ್ದು

ಮುಂಗಾರಿಗೆ ಮುಂಚೆ ಗ್ರಾಮಸ್ಥರನ್ನು ಸೇರಿಸಿ ಈ ಕೆಳಗಿನ ಕಟ್ಟುಗಳನ್ನು ಒಪ್ಪಿಸಿಕೊಳ್ಳುವುದು ಉತ್ತಮ.

(1) ಜೂನ್ ಮೊದಲುಗೊಂಡು ಸೆಪ್ಟೆಂಬರ್ ಕೊನೆಯವರೆಗೆ ಕೆರೆಯಲ್ಲಿ ಭರ್ಜಿಯನ್ನು ಬಳಸಕೂಡದು.
(2) ಕೆಂಪು ಮರಿಗಳ ಗುಂಪು ಯಾವ ತಿಂಗಳಲ್ಲಿ ಕಂಡರೂ ಆ ಸ್ಥಳವನ್ನು ಬಿಟ್ಟುಬಿಡತಕ್ಕದ್ದು.
(3) ಮೊದಲ ಕೋಡಿಯ ಏಳು ದಿನ ಕೋಡಿಹಳ್ಳದಲ್ಲಿ ಮೀನು ಹೊಡೆಯುವುದನ್ನೂ ಹಳ್ಳಕ್ಕೆ ಅಡ್ಡಕಟ್ಟುವುದನ್ನೂ ನಿಲ್ಲಿಸತಕ್ಕದ್ದು.
(4) ದಡದ ಜೊಂಡನ್ನು ಪೂರ್ತಿಯಾಗಿ ಕೊಯ್ಯದೆ ಒಂದು ಮೂಲೆಯನ್ನು ಮರಿಗಳಿಗಾಗಿ ಉಳಿಸತಕ್ಕದ್ದು.
(5) ಊರ ಕೆರೆಯಲ್ಲಿ ಬಿಲ್ಲು ಬಾಣಗಳನ್ನು ಬಳಸಗೊಡಕೂಡದು.
(6) ಈ ಕಟ್ಟುಗಳನ್ನು ಮೇಲಿನ ಕೆರೆಯ ಊರಿಗೂ ಕೆಳಗಿನ ಕೆರೆಯ ಊರಿಗೂ ತಿಳಿಸಿ, ಅವರನ್ನೂ ಒಡಂಬಡಿಸತಕ್ಕದ್ದು.

ಕಟ್ಟು ಮಾಡುವುದಕ್ಕಿಂತ ನಡೆಸುವುದು ಕಷ್ಟ. ಮುಖಂಡನ ಮನೆಯ ಹುಡುಗನೇ ಮೊದಲ ಕೋಡಿಯ ರಾತ್ರಿ ದೀಪ ಹಿಡಿದು ಹೊರಟರೆ ಊರಿನಲ್ಲಿ ಯಾರೂ ಕೇಳರು. ಅವನನ್ನು ತಡೆದು, ಹಗಲಿನಲ್ಲಿ ಕೆರೆಯ ದಡಕ್ಕೆ ಕರೆದೊಯ್ದು, ಕೆಂಪು ಮರಿಗಳ ಕೆಳಗೆ ಕಾವಲು ನಿಂತ ಮೀನನ್ನು ಒಮ್ಮೆ ತೋರಿಸುವುದು ದಂಡಕ್ಕಿಂತ ಹೆಚ್ಚು ಕೆಲಸ ಮಾಡುವುದು. ಕೆರೆಯನ್ನು ಕಟ್ಟಿದವರು ತಮ್ಮ ಕಾಲಕ್ಕೆ ಮಾತ್ರ ಕಟ್ಟಲಿಲ್ಲ. ಅದರ ಮೀನನ್ನೂ ಹಾಗೆಯೇ ಮುಂದಿನವರಿಗೆ ಉಳಿಸಿ ಉಣ್ಣುವುದು ಈಗಿನವರ ಕರ್ತವ್ಯ.